ಕೆರೆ ಯಾಕೆ ಉಬ್ಬಲ್ಲ?

"ನಮ್ಮ ದೇಹದಲ್ಲಿ ನೂರಕ್ಕೆ ಅರವತ್ತು ಭಾಗ ನೀರಿದೆ. ಅಷ್ಟು ದೊಡ್ಡ ಸಮುದ್ರವನ್ನೇ ಎಳೆಯುವ ಚಂದ್ರ ನಮ್ಮನ್ನು ಬಿಡ್ತಾನಾ?"

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ನಮ್ಮ ಗ್ರೂಪಿಗಂತೂ ಹುಣ್ಣಿಮೆ, ಅಮಾವಾಸ್ಯೆಯ ಹಿಂದಿನ ದಿನ ತಪ್ಪದೇ ಬರುತ್ತೆ. ಕೊನೆಯಲ್ಲಿ "ಇದು ಮೂಢನಂಬಿಕೆ ಅಲ್ಲ, ವಿಜ್ಞಾನ" ಅಂತ ಒಂದು ಸಾಲು ಬೇರೆ.

ಬೇರೆಯವರಿಗೆ ಇದು ಓದಿ ನಕ್ಕು ಬಿಡುವ ವಿಷಯ ಇರಬಹುದು. ನಮ್ಮನೆಯಲ್ಲಿ ಹಾಗಲ್ಲ. ನಮ್ಮ ಚಿಕ್ಕಪ್ಪನಿಗೆ ಫಿಟ್ಸ್ ಇದೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ದಿನಾ ರಾತ್ರಿ ತಗೋಬೇಕು. ತಮ್ಮಷ್ಟಕ್ಕೆ ತಾವೇ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರುವ ಸಾಧ್ಯತೆ ಹೆಚ್ಚು. ಆದರೆ ಮನೆಯಲ್ಲಿ ಕೆಲವರ ಲೆಕ್ಕವೇ ಬೇರೆ. ಫಿಟ್ಸ್ ಬರೋದು ಅಮಾವಾಸ್ಯೆ, ಹುಣ್ಣಿಮೆಗೆ. ಮಿಕ್ಕ ದಿನ ಸುಮ್ನೆ ಮಾತ್ರೆ ನುಂಗಿ ಮೈ ಯಾಕೆ ಹಾಳು ಮಾಡ್ಕೋಬೇಕು? ಈ ಮೆಸೇಜ್ ಓದಿದ ಮೇಲೆ ಚಿಕ್ಕಪ್ಪನಿಗೂ ಅದೇ ಸರಿ ಅನಿಸೋಕೆ ಶುರುವಾಯ್ತು. ಯಾರಾದ್ರೂ ಗಾಳಿ, ದೆವ್ವ ಅಂದಿದ್ರೆ ಅವರು ನಗ್ತಿದ್ರು. 'ಗುರುತ್ವಾಕರ್ಷಣೆ' ಅಂದಿದ್ದಕ್ಕೆ ನಂಬಿದರು.

ಅದಕ್ಕೇ ಆ ಗುರುತ್ವಾಕರ್ಷಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಪಿಯುಸಿ ಫಿಸಿಕ್ಸ್ ಸಾಕು.

ನ್ಯೂಟನ್ 1687ರಲ್ಲಿ ಹೇಳಿದ್ದು ಇಷ್ಟು: ಯಾವ ಎರಡು ವಸ್ತುಗಳಾದರೂ ಒಂದನ್ನೊಂದು ಸೆಳೆಯುತ್ತವೆ. ದ್ರವ್ಯರಾಶಿ ಹೆಚ್ಚಾದರೆ ಸೆಳೆತ ಹೆಚ್ಚು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಈ ಸೂತ್ರದಲ್ಲಿ ನೀರಿಗೆ ಅಂತ ಪ್ರತ್ಯೇಕ ಜಾಗ ಇಲ್ಲ. ಒಂದು ಕೆಜಿ ನೀರು, ಒಂದು ಕೆಜಿ ಮೂಳೆ, ಒಂದು ಕೆಜಿ ಕಲ್ಲು, ಚಂದ್ರನಿಗೆ ಮೂರೂ ಒಂದೇ.

ಈಗ ಒಂದು ವಿಚಿತ್ರ ನೋಡಿ. ಸೂರ್ಯ ಮತ್ತು ಚಂದ್ರನ ದ್ರವ್ಯರಾಶಿ, ದೂರ ಎರಡನ್ನೂ ಸೂತ್ರಕ್ಕೆ ಹಾಕಿದರೆ, ಭೂಮಿಯನ್ನು ಸೂರ್ಯ ಸೆಳೆಯುವುದು ಚಂದ್ರನಿಗಿಂತ ಸುಮಾರು 180 ಪಟ್ಟು ಜೋರಾಗಿ. ಆದರೂ ಉಬ್ಬರದಲ್ಲಿ ಸೂರ್ಯನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ಸೆಳೆತದಿಂದಲೇ ಉಬ್ಬರ ಬರೋದಾದರೆ ಇದು ಹೇಗೆ ಸಾಧ್ಯ?

ಉಬ್ಬರ ಬರೋದು ಸೆಳೆತದಿಂದ ಅಲ್ಲ, ಸೆಳೆತದ ವ್ಯತ್ಯಾಸದಿಂದ. ಚಂದ್ರ ನಮ್ಮಿಂದ ಸರಾಸರಿ 3,84,000 ಕಿ.ಮೀ. ದೂರದಲ್ಲಿದ್ದಾನೆ. ಭೂಮಿಯ ವ್ಯಾಸ ಸುಮಾರು 12,700 ಕಿ.ಮೀ. ಹಾಗಾಗಿ ಭೂಮಿಯ ಕೇಂದ್ರಕ್ಕೆ ಹೋಲಿಸಿದರೆ ಚಂದ್ರನ ಕಡೆ ಮುಖ ಮಾಡಿದ ಭಾಗಕ್ಕೆ ಸುಮಾರು 3% ಹೆಚ್ಚು ಸೆಳೆತ, ಆಚೆ ಬದಿಗೆ ಸುಮಾರು 3% ಕಡಿಮೆ. ಒಂದೇ ಸಾಲಿನಲ್ಲಿ ಮೂವರು ಓಡ್ತಿದ್ದಾರೆ ಅಂದುಕೊಳ್ಳಿ. ಮುಂದಿನವನು ಸ್ವಲ್ಪ ಜೋರು, ಹಿಂದಿನವನು ಸ್ವಲ್ಪ ನಿಧಾನ. ನಡುವಿನವನಿಗೆ ಇಬ್ಬರೂ ತನ್ನಿಂದ ದೂರ ಹೋದ ಹಾಗೆ ಕಾಣುತ್ತೆ. ಭೂಮಿಯ ಎರಡೂ ಬದಿಯಲ್ಲಿ ಉಬ್ಬರ ಏಳೋದು ಹೀಗೆ. ಸೂರ್ಯ ಚಂದ್ರನಿಗಿಂತ ಸುಮಾರು 390 ಪಟ್ಟು ದೂರ ಇರೋದರಿಂದ ಅವನಿಗೆ ಭೂಮಿಯ ಈ ಬದಿ, ಆ ಬದಿ ಹೆಚ್ಚುಕಮ್ಮಿ ಒಂದೇ. ಸೆಳೆತ ಜೋರು, ವ್ಯತ್ಯಾಸ ಕಡಿಮೆ.

ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರ್ತಾವೆ. ಇಬ್ಬರ ಉಬ್ಬರವೂ ಸೇರಿ ಸಮುದ್ರ ಜಾಸ್ತಿ ಏರುತ್ತೆ. ಆ ಮೆಸೇಜಿನಲ್ಲಿ ನಿಜ ಇರೋದು ಇಷ್ಟೇ.

ಈ ದಸರಾ ರಜೆಯಲ್ಲಿ ಇದನ್ನೆಲ್ಲ ಮನೆಯಲ್ಲಿ ಹೇಳ್ತಾ ಕೂತಿದ್ದೆ. ನಮ್ಮದು ತುಮಕೂರು ಕಡೆ. ಸಮುದ್ರ ನೋಡಬೇಕಂದ್ರೆ ರಾತ್ರಿ ಬಸ್ ಹತ್ತಬೇಕು. ಚಿಕ್ಕಪ್ಪ ಅರ್ಧ ಕಿವಿ ಕೊಟ್ಟಿದ್ರು. ಒಳಗೆ ಸೊಪ್ಪು ಬಿಡಿಸ್ತಿದ್ದ ಚಿಕ್ಕಮ್ಮ ಅಲ್ಲಿಂದಲೇ ಕೇಳಿದರು: "ಮೈಯಾಗೆ ಅರವತ್ತು ಭಾಗ ನೀರಿದ್ರೇ ಇಷ್ಟು ಎಳೀತಾನೆ ಅಂದ್ರೆ, ನಮ್ಮೂರ ಕೆರೆ ಯಾಕೆ ಉಬ್ಬಲ್ಲ? ಅದ್ರಾಗೆ ನೂರಕ್ಕೆ ನೂರೂ ನೀರೇ ಅಲ್ವೇನೋ?"

ನನ್ನ ಸೂತ್ರ, ಪರ್ಸೆಂಟೇಜ್ ಎಲ್ಲ ಆ ಒಂದು ಪ್ರಶ್ನೆ ಮುಂದೆ ಸಪ್ಪೆ ಆಯ್ತು.

ಕೆರೆ ಯಾಕೆ ಉಬ್ಬಲ್ಲ ಅಂದ್ರೆ ಅದು ಚಿಕ್ಕದು. ಚಂದ್ರ ನೀರನ್ನು ಬಕೆಟ್ ಥರ ಮೇಲಕ್ಕೆ ಎತ್ತೋದಿಲ್ಲ. ಅವನಿಂದಾಗುವ ವ್ಯತ್ಯಾಸ ಭೂಮಿಯ ಗುರುತ್ವದ ಮುಂದೆ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು ಅಷ್ಟೇ. ಸಾವಿರಾರು ಕಿ.ಮೀ. ಅಗಲದ ಸಾಗರದಲ್ಲಿ ನೀರು ಅಡ್ಡಡ್ಡ ಸರಿದು ಒಂದು ಕಡೆ ಕೂಡಿಕೊಳ್ಳುತ್ತೆ. ಅಲ್ಲೂ ದಡದ ಆಕಾರ, ಆಳ ಎಲ್ಲ ಲೆಕ್ಕಕ್ಕೆ ಬರುತ್ತೆ. ಅದೇ ಚಂದ್ರ, ಮಂಗಳೂರಲ್ಲಿ ನೀರು ಒಂದೂವರೆ ಮೀಟರ್ ಆಸುಪಾಸು ಏರಿಳಿದರೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರ್ ದಾಟುತ್ತೆ. ಕೆರೆಯ ಈ ದಡಕ್ಕೂ ಆ ದಡಕ್ಕೂ ಚಂದ್ರನ ಸೆಳೆತದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮುಖ್ಯವಾದದ್ದು ನೀರಲ್ಲ, ಗಾತ್ರ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಇದೆ. ಗಟ್ಟಿ ನೆಲವೂ ಚಂದ್ರನಿಗೆ ಮಣಿಯುತ್ತೆ. ಜಿನೀವಾ ಹತ್ತಿರ ಸರ್ನ್ ಸಂಸ್ಥೆಯ ಎಲ್‌ಇಪಿ ಅನ್ನೋ ಯಂತ್ರ ನೆಲದಡಿ 27 ಕಿ.ಮೀ. ಸುತ್ತಳತೆಯ ಉಂಗುರವಾಗಿತ್ತು. ಆ ಉಂಗುರ ಉಬ್ಬರದ ಜೊತೆಗೆ ಸುಮಾರು 1 ಮಿ.ಮೀ. ಹಿಗ್ಗಿ ಕುಗ್ಗುವುದನ್ನು 1990ರ ದಶಕದಲ್ಲಿ ಅಲ್ಲಿನವರು ಗುರುತಿಸಿದರು. ಬಂಡೆಯಲ್ಲಿ ಅರವತ್ತು ಭಾಗ ನೀರೇನೂ ಇರಲಿಲ್ಲ.

ಹಾಗಾದರೆ ಮನುಷ್ಯ? ಐದೂವರೆ ಅಡಿ ಎತ್ತರದವನಿಗಿಂತ ಭೂಮಿಯ ವ್ಯಾಸ ಸುಮಾರು 75 ಲಕ್ಷ ಪಟ್ಟು ದೊಡ್ಡದು. ತಲೆಗೂ ಕಾಲಿಗೂ ಚಂದ್ರನ ಸೆಳೆತದಲ್ಲಿರುವ ವ್ಯತ್ಯಾಸವೂ ಅದೇ ಲೆಕ್ಕದಲ್ಲಿ ಕಡಿಮೆ. ಚಂದ್ರನಿಂದ 60 ಕೆಜಿ ಮನುಷ್ಯನ ತೂಕ ಹೆಚ್ಚೆಂದರೆ 7 ಮಿಲಿಗ್ರಾಂ ಕಡಿಮೆ ತೋರಬಹುದು. ಒಂದು ಅಕ್ಕಿ ಕಾಳೂ ಅದಕ್ಕಿಂತ ಭಾರ. ಮುಖದಿಂದ ಒಂದು ಅಡಿ ದೂರ ಹಿಡಿದ 200 ಗ್ರಾಂ ಫೋನು ನಮ್ಮ ತಲೆಯಲ್ಲಿ ಎಬ್ಬಿಸುವ 'ಉಬ್ಬರ' ಚಂದ್ರನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅಂದ್ರೆ ಆ ಮೆಸೇಜ್ ಓದೋ ಹೊತ್ತಿಗೆ ಚಂದ್ರನಿಗಿಂತ ಫೋನೇ ಅಪಾಯ!

ಇನ್ನೂ ಒಂದು ಮಾತು. ಉಬ್ಬರ ಬರೋದು ತಿಂಗಳಿಗೆ ಎರಡು ಸಲ ಅಲ್ಲ. ನಮ್ಮ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಂದು, ಅಷ್ಟಮಿ ದಿನವೂ ಬರುತ್ತೆ, ಸ್ವಲ್ಪ ಚಿಕ್ಕದು ಅಷ್ಟೇ. ಚಿಕ್ಕಪ್ಪನ ಫಿಟ್ಸಿಗೆ ಉಬ್ಬರವೇ ಕಾರಣ ಆಗಿದ್ದರೆ ದಿನಕ್ಕೆ ಎರಡು ಸಲ ಬರಬೇಕಿತ್ತು.

ಚಿಕ್ಕಪ್ಪ ಪೂರ್ತಿ ಒಪ್ಪಿದರು ಅಂತ ಹೇಳಲ್ಲ. "ನೀವು ಇಂಜಿನಿಯರ್‌ಗಳು, ಏನಾದ್ರೂ ಲೆಕ್ಕ ಹಾಕ್ತೀರಪ್ಪ" ಅಂದರು. ಆದರೆ ಮಾತ್ರೆ ಡಬ್ಬಿ ಈಗ ಚಿಕ್ಕಮ್ಮನ ಹತ್ತಿರ ಇದೆ. ಊಟ ಆದ ಮೇಲೆ ಕೊಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಒಂದು ಟಿಕ್ ಹಾಕ್ತಾರೆ. ಹುಣ್ಣಿಮೆಗೂ ಟಿಕ್, ಅಮಾವಾಸ್ಯೆಗೂ ಟಿಕ್, ನಡುವಿನ ದಿನಗಳಿಗೂ ಟಿಕ್.

ನಿಮ್ಮ ಗ್ರೂಪಿಗೆ ಆ ಮೆಸೇಜ್ ಮತ್ತೆ ಬಂದರೆ ಜಗಳ ಆಡಬೇಡಿ, ಸೂತ್ರನೂ ಬರೀಬೇಡಿ. ನಮ್ಮ ಚಿಕ್ಕಮ್ಮನ ಕೆರೆ ಪ್ರಶ್ನೆ ಕೇಳಿ.