ಕಕ್ಕಿದ್ದನ್ನು ನೋಡುವುದು

ನಮ್ಮ ಹುಮನಾಬಾದಿನಲ್ಲಿ ಬೆಕ್ಕು ಸಾಕಿದ್ದೇವೆ ಎಂದು ಹೇಳುವವರು ಕಡಿಮೆ. 'ಮನ್ಯಾಗ ಒಂದು ಬೆಕ್ಕದ' ಎನ್ನುತ್ತಾರೆ, ಅಷ್ಟೇ. ತೊಗರಿ, ಜೋಳದ ಚೀಲವಿದ್ದಲ್ಲಿ ಇಲಿ ಬರುತ್ತದೆ, ಇಲಿಯ ಹಿಂದೆ ಬೆಕ್ಕು. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಅರ್ಧ ಓಣಿ ಬಂದು ವಿಚಾರಿಸುತ್ತದೆ. ಬೆಕ್ಕು ತಿಂದದ್ದನ್ನು ಕಕ್ಕಿದರೆ ಒಂದು ಹಳೇ ಅರಿವೆಯಲ್ಲಿ ಕೆಲಸ ಮುಗಿಯುತ್ತದೆ.

ನಮ್ಮ ಚಿಂಗಿ ಉಂಡ ಐದೇ ನಿಮಿಷಕ್ಕೆ ಕಕ್ಕತೊಡಗಿದಾಗ ಅವ್ವ ಅಂದಳು: "ಬೆಕ್ಕಂದ್ರ ಕಕ್ಕತದ. ಅದಕ್ಕೇನ್ ದವಾಖಾನಿ?"

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಮುಳ್ಳುಗಳಿವೆ. ಮೈ ನೆಕ್ಕುವಾಗ ಅವಕ್ಕೆ ಸಿಕ್ಕಿದ ಕೂದಲು ಹೊಟ್ಟೆಗೆ ಹೋಗುತ್ತದೆ. ಹೆಚ್ಚಿನದು ಮಲದಲ್ಲಿ ಹೋದರೆ, ಉಳಿದದ್ದು ಆಗೀಗ ಬತ್ತಿಯ ಹಾಗೆ ಬಾಯಿಗೆ ಬರುತ್ತದೆ. ಆದರೆ ಚಿಂಗಿ ಕಕ್ಕಿದ್ದರಲ್ಲಿ ಕೂದಲಿರಲಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರುಗಳು ಹಾಕಿದ ಹಾಗೇ ಇದ್ದವು. ಮೈಯೂ ಇಳಿಯುತ್ತಿತ್ತು.

ಪಕ್ಕದ ಮನೆಯ ಕಾಕು ಜ್ವರದ ಗುಳಗಿ ತಂದು, "ಅರ್ಧ ಮುರದು ಹಾಕು" ಅಂದರು. ನಾನು ಅದನ್ನು ಹಾಗೇ ಹಿಡಿದುಕೊಂಡು ಪಶು ವೈದ್ಯರ ಹತ್ತಿರ ಹೋದೆ. ಎರಡು ಆಡು, ಒಂದು ಹೋರಿಯ ನಂತರ ನಮ್ಮ ಬುಟ್ಟಿಯ ಪಾಳಿ ಬಂತು. ಗುಳಗಿ ನೋಡಿದ್ದೇ ಅವರು ಕೈಯಿಂದ ಕಸಿದುಕೊಂಡರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅರಗಿಸುವಂತೆ ಅದರ ಯಕೃತ್ತು ಆ ಔಷಧಿಯನ್ನು ಅರಗಿಸಲಾರದು, ಒಂದೇ ಗುಳಗಿ ಜೀವ ತೆಗೆಯಬಹುದು.

ಆಮೇಲೆ ಕೇಳಿದರು: "ಹೊಟ್ಟಿ ಹಿಂಡ್ಕೊಂಡು ಕಕ್ಕತದೋ, ಸುಮ್ಮನ ಜಾರಿ ಬೀಳ್ತದೋ? ನೋಡೀರೇನ್ರಿ?"

ಎರಡೂ ಬೇರೆ ಬೇರೆಯಂತೆ. ಹೊಟ್ಟೆ ಹಿಂಡಿ ಬರುವುದು ವಾಂತಿ; ಜಠರ, ಕರುಳು, ಮೂತ್ರಪಿಂಡ ಯಾವುದರ ದೂರಾದರೂ ಆಗಿರಬಹುದು. ಕಷ್ಟವಿಲ್ಲದೆ ಜಾರಿ ಬೀಳುವುದು ಅನ್ನನಾಳದಲ್ಲೇ ನಿಂತು ತಿರುಗಿ ಬಂದ ಊಟ. ಗಬಗಬ ನುಂಗಿದರೆ ಹಾಗಾಗುವುದುಂಟು. ಬಾಗಿಲ ಸಂದಿಯಲ್ಲಿ ಒಂದು ಗಂಡು ಬೆಕ್ಕು ಕಾಯುತ್ತಿರುವುದನ್ನು ನಾನು ಹೇಳಿದೆ. ಅವರು ತಲೆಯಾಡಿಸಿದರು. ಬಾಗಿಲು ಹಾಕಿ, ಅಗಲ ತಟ್ಟೆಯಲ್ಲಿ, ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಹಾಕಲು ಹೇಳಿದರು. ಹಾಲು ಬೇಡ. ತೆನಾಲಿ ರಾಮನ ಬೆಕ್ಕು ಬಾಯಿ ಸುಟ್ಟುಕೊಂಡು ಹಾಲು ಬಿಟ್ಟಿತು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದೇ ಇಲ್ಲ. ರಕ್ತ ಕಂಡರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಇಷ್ಟು ಮಾಡಿದ ಮೇಲೂ ಮೈ ಇಳಿಯುತ್ತಿದ್ದರೆ ತಡಮಾಡದೆ ಬೀದರಿಗೆ ಒಯ್ಯಬೇಕು.

ಬೀದರ ಇಲ್ಲಿಂದ ಸುಮಾರು 50 ಕಿಲೋಮೀಟರ್. 2004ರ ಕಾಯಿದೆಯಿಂದ ಹುಟ್ಟಿದ, ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ಬೆಕ್ಕಿನ ಬುಟ್ಟಿ ಹಿಡಿದು ಬಸ್ ಹತ್ತಿದರೆ ಜನ ನಗುತ್ತಾರೆ.

ನಾವು ಹೋಗಬೇಕಾಗಲಿಲ್ಲ. ಬಾಗಿಲು ಹಾಕಿದ ಮೂರನೆಯ ದಿನಕ್ಕೆ ಕಕ್ಕುವುದು ನಿಂತಿತು. ಚಿಂಗಿಗೆ ಕಾಡಿದ್ದು ರೋಗಕ್ಕಿಂತ ಹೆಚ್ಚಾಗಿ ಅಂಜಿಕೆ. ತಟ್ಟೆ ಯಾರಾದರೂ ಕಸಿದಾರು ಎಂಬ ಅವಸರ ಹಾಸ್ಟೆಲಿನ ಪಂಕ್ತಿಯಲ್ಲಿ ಉಂಡವರಿಗೆ ಗೊತ್ತು. ಎಲ್ಲರದ್ದೂ ಆದ ಮೇಲೆ ನಿಂತುಕೊಂಡೇ ಎರಡು ತುತ್ತು ನುಂಗುವ ಅವ್ವನಿಗೂ ಗೊತ್ತು.

ಈಗಲೂ ಚಿಂಗಿ ತಿಂಗಳಿಗೊಮ್ಮೆ ಕಕ್ಕುತ್ತದೆ. ಅವ್ವ ಅರಿವೆ ಹಿಡಿದು ಬಂದವಳು ಮೊದಲು ಬಗ್ಗಿ ನೋಡುತ್ತಾಳೆ. "ಕೂದಲದ, ಅಂಜಬ್ಯಾಡ" ಅನ್ನುತ್ತಾಳೆ. ಆಮೇಲೆ ಒರೆಸುತ್ತಾಳೆ.