ನಾಲ್ಕು ಚಾನೆಲ್ಲು, ಒಂದು ಫ್ಯೂಸು

ಕಾರ್ ಸ್ಟೀರಿಯೋ ಡಬ್ಬದ ಮೇಲೆ ದಪ್ಪಕ್ಷರದಲ್ಲಿ '೫೦ ವ್ಯಾಟ್ × ೪' ಅಂತ ಹಾಕಿರ್ತಾರಲ್ಲ, ಅದನ್ನ ನಂಬಬೇಡಿ. ಅದು ಒಂದು ಕ್ಷಣದ ಗರಿಷ್ಠ ಲೆಕ್ಕ. ಸತತವಾಗಿ ಸಿಗೋದು ಚಾನೆಲ್ಲಿಗೆ ೧೫-೨೦ ವ್ಯಾಟ್, ಅಷ್ಟೇ. ಅಪ್ಪನಿಗೆ ಮೃದಂಗದ ಹುಚ್ಚು. ನಮ್ಮ ಕಾರಲ್ಲಿ ಕಛೇರಿ ಹಾಕಿದ್ರೆ ಬಲಗಡೆಯ ಛಾಪು ಕೇಳ್ಸೋದು, ಎಡಗಡೆಯ ತೊಪ್ಪಿ ನಾಪತ್ತೆ. "ಏನೋ ಇದು, ಒಂದೇ ಕೈಯಲ್ಲಿ ನುಡಿಸ್ತಿದಾನಾ?" ಅಂದ್ರು ಒಂದ್ಸಲ. ಅಲ್ಲಿಗೆ ಆಂಪ್ಲಿಫೈಯರ್ ತರೋದು ಖಾಯಂ ಆಯ್ತು :-)

ಮುಂದಿನ ಸ್ಪೀಕರ್‌ಗಳಿಗೊಂದು, ಸಬ್‌ವೂಫರ್‌ಗೊಂದು ಅಂತ ಎರಡೆರಡು ಆಂಪ್ ಬೇಕಿಲ್ಲ. ನಾಲ್ಕು ಚಾನೆಲ್ಲಿನದು ಒಂದು ಸಾಕು. ಎರಡು ಚಾನೆಲ್ ಮುಂದಿನ ಎರಡು ಸ್ಪೀಕರ್‌ಗೆ, ಉಳಿದೆರಡನ್ನ ಸೇರಿಸಿ ಸಬ್‌ವೂಫರ್‌ಗೆ. ಇದಕ್ಕೆ ಬ್ರಿಡ್ಜಿಂಗ್ ಅಂತಾರೆ. ಅಜ್ಜಿ ಮೊಸರು ಕಡೆಯೋದು ನೋಡಿದೀರಲ್ಲ, ಹಗ್ಗದ ಒಂದು ತುದಿ ಎಳೆದಾಗ ಇನ್ನೊಂದು ತುದಿ ಸಡಿಲ ಬಿಡ್ತಾರೆ. ಹಾಗೇನೇ ಒಂದು ಚಾನೆಲ್ ಮೇಲಕ್ಕೆ ಹೋದಾಗ ಇನ್ನೊಂದು ಕೆಳಕ್ಕೆ. ಸ್ಪೀಕರ್‌ಗೆ ಸಿಗೋ ವೋಲ್ಟೇಜ್ ದುಪ್ಪಟ್ಟು.

ಆದ್ರೆ ಪುಕ್ಕಟೆ ಅಲ್ಲ ಸ್ವಾಮಿ. ಹೀಗೆ ಜೋಡಿಸಿದಾಗ ಪ್ರತಿ ಚಾನೆಲ್ಲಿಗೂ ಕಾಣೋದು ಸ್ಪೀಕರಿನ ಅರ್ಧ ಓಮ್ ಮಾತ್ರ. ನನ್ನ ಸಬ್‌ವೂಫರ್‌ನಲ್ಲಿ ೪ ಓಮ್‌ನ ಎರಡು ಕಾಯಿಲ್ ಇದ್ವು. ಪ್ಯಾರಲಲ್ ಜೋಡಿಸಿದ್ರೆ ೨ ಓಮ್, ಅಂದ್ರೆ ಚಾನೆಲ್ಲಿಗೆ ೧. ಸೀರೀಸ್ ಆದ್ರೆ ೮, ಚಾನೆಲ್ಲಿಗೆ ೪. ನನ್ನ ಆಂಪ್ ೨ ಓಮ್‌ಗಿಂತ ಕೆಳಗೆ ತಾಳಲ್ಲ. ಜೆ.ಸಿ. ರಸ್ತೆ ಹತ್ರದ ಅಂಗಡಿಯವನು ಮಾತ್ರ "ಪ್ಯಾರಲಲ್ ಹಾಕೋಣ ಸಾರ್, ಎದೆ ನಡುಗತ್ತೆ" ಅಂತ ಒಂದೇ ಹಠ. ಎದೆ ನಡುಗೋಕೆ ಆಂಪ್ ಬದುಕಿರ್ಬೇಕಲ್ಲ! ಸೀರೀಸೇ ಹಾಕಿಸಿದೆ.

ಅಸಲಿ ಜಗಳ ಆಗಿದ್ದು ಫ್ಯೂಸಿಗೆ. ಲೆಕ್ಕ ನೋಡಿ: ಮುಂದೆ ೭೫ರಂತೆ ಎರಡು, ಸಬ್‌ವೂಫರ್‌ಗೆ ೧೫೦, ಒಟ್ಟು ೩೦೦ ವ್ಯಾಟ್. ಇಂಥ ಆಂಪ್‌ನ ದಕ್ಷತೆ ಶೇಕಡಾ ೬೦ರ ಆಸುಪಾಸು ಅಂತ ಹಿಡಿದ್ರೆ ಎಳೆಯೋದು ೫೦೦ ವ್ಯಾಟ್. ಇಂಜಿನ್ ಓಡುವಾಗಿನ ೧೪ ವೋಲ್ಟ್‌ಗೆ ಭಾಗಿಸಿದ್ರೆ ಹತ್ತತ್ರ ೩೬ ಆಂಪಿಯರ್. ಅದಕ್ಕೇ ದಪ್ಪ ತಾಮ್ರದ ವೈರು (ತಾಮ್ರ ಬಳಿದ ಅಲ್ಯೂಮಿನಿಯಂ ಕೊಡೋರೂ ಇದಾರೆ, ಹುಷಾರು) ಮತ್ತೆ ಬ್ಯಾಟರಿ ಪಕ್ಕದಲ್ಲೇ ೪೦ ಆಂಪಿಯರ್ ಫ್ಯೂಸ್. "ಆಂಪ್ ಒಳಗೇ ಫ್ಯೂಸ್ ಇದೆ ಸಾರ್, ಇನ್ನೊಂದ್ಯಾಕೆ ದಂಡ" ಅಂದ. ಆ ಫ್ಯೂಸ್ ಕಾಯೋದು ಆಂಪನ್ನ. ಬ್ಯಾಟರಿಯಿಂದ ಡಿಕ್ಕಿವರೆಗಿನ ವೈರನ್ನ ಕಾಯೋರ್ಯಾರು? ಇಂಜಿನ್ ಹಿಂದಿನ ತಗಡಿನ ತೂತಲ್ಲಿ ರಬ್ಬರ್ ಇಲ್ದೆ ತೂರಿಸಿದ ವೈರು ನಮ್ಮ ಹೊಂಡದ ರಸ್ತೇಲಿ ಉಜ್ಜಿ ಉಜ್ಜಿ ಸಿಪ್ಪೆ ಕಳ್ಕೊಂಡ್ರೆ, ಬ್ಯಾಟರಿ ನೂರಾರು ಆಂಪಿಯರ್ ಸುರಿಯತ್ತೆ. ಕಾರ್ಪೆಟ್ ಕೆಳಗೆ ಬೆಂಕಿ. ಅದರ ಮೇಲೆ ಅಪ್ಪ ಅಮ್ಮ ಕೂತಿರ್ತಾರೆ. ಇಷ್ಟು ಹೇಳಿದ್ರೂ ಅವನು ಗೊಣಗ್ತಾನೇ ಇದ್ದ. ಫ್ಯೂಸು, ರಬ್ಬರು ಎರಡನ್ನೂ ನಾನೇ ಪಕ್ಕದ ಅಂಗಡಿಯಿಂದ ತಂದು, ಹಾಕೋವರೆಗೂ ಬಾನೆಟ್ ಹತ್ರಾನೇ ನಿಂತೆ. ಕೋಡ್ ರಿವ್ಯೂಲೂ ಇಷ್ಟು ಜಗಳ ಆಡಿಲ್ಲ!

ಉಳಿದಿದ್ದು ಸುಲಭ. ೮೦ ಹರ್ಟ್ಸ್‌ಗಿಂತ ಕೆಳಗಿನದು ಸಬ್‌ವೂಫರ್‌ಗೆ, ಮೇಲಿನದು ಮುಂದಕ್ಕೆ. ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸುಮ್ನೆ ಕೊನೇವರೆಗೂ ತಿರುಗಿಸ್ಬೇಡಿ.

ಅಪ್ಪ ಹತ್ತು ನಿಮಿಷ ಕಣ್ಮುಚ್ಚಿ ತನಿ ಆವರ್ತನ ಕೇಳಿದ್ರು. "ತೊಪ್ಪಿ ಸ್ವಲ್ಪ ಜಾಸ್ತಿ" ಅಂದ್ರು, ಕಮ್ಮಿ ಮಾಡಿದೆ. ನಾಲ್ಕೂ ಚಾನೆಲ್ ಖರ್ಚಾಗಿದ್ರಿಂದ ಹಿಂದಿನ ಸ್ಪೀಕರ್ ಈಗ ಮೌನ. ಹಿಂದೆ ಕೂರೋ ಅಮ್ಮನಿಗೆ ಅದೇ ಖುಷಿ, ಫೋನಲ್ಲಿ ಮಾತಾಡೋಕೆ ಅಡ್ಡಿಯಿಲ್ಲ :-)