ಹೇಳದೆ ಉಳಿದ ಮಾತು

ರಜಾದಿನಗಳಲ್ಲಿ ನಿಮ್ಮ ಮನೆಯ ಟಿ.ವಿ. ಪರದೆಯ ಮೇಲೂ ಅತಿಮಾನವ ವೀರರು ಹಾರಾಡುತ್ತಾರಲ್ಲವೇ? ಕಳೆದ ರಜೆಯಲ್ಲಿ ಮಗಳ ಒತ್ತಾಯಕ್ಕೆ ಮಣಿದು ನಾನೂ ಎರಡು ಚಿತ್ರಗಳನ್ನು ನೋಡಿದೆ.

ಮೊದಲನೆಯದು 2019ರ ‘ಅವೆಂಜರ್ಸ್: ಎಂಡ್‌ಗೇಮ್’. ಮೂರು ಗಂಟೆಗಳ ಅಬ್ಬರ. ಕೊನೆಗೆ ಟೋನಿ ಸ್ಟಾರ್ಕ್ ತನ್ನ ಪ್ರಾಣವನ್ನೇ ತೆತ್ತು ಲೋಕವನ್ನು ಉಳಿಸುತ್ತಾನೆ. ಕಣ್ಣು ತೇವವಾದುದು ನಿಜ. ಆದರೆ ಅಷ್ಟೊಂದು ಸದ್ದಿನ ನಡುವೆ ಆ ದುಃಖ ಬಹಳ ಹೊತ್ತು ನಿಲ್ಲಲಿಲ್ಲ.

ಎರಡನೆಯದು ಜಾನ್ ಕ್ರಾಸಿನ್ಸ್ಕಿ ನಿರ್ದೇಶಿಸಿದ 2018ರ ಭಯಾನಕ ಚಿತ್ರ ‘ಎ ಕ್ವಯಟ್ ಪ್ಲೇಸ್’. ಶಬ್ದ ಕೇಳಿದೊಡನೆ ಎರಗುವ ಕ್ರೂರಜೀವಿಗಳಿಗೆ ಅಂಜಿ ಒಂದು ಕುಟುಂಬವು ಮರಳು ಹಾಸಿದ ಹಾದಿಯಲ್ಲಿ ಬರಿಗಾಲಲ್ಲಿ ನಡೆಯುತ್ತಾ, ಸನ್ನೆಗಳಲ್ಲೇ ಮಾತನಾಡುತ್ತಾ ಬದುಕುತ್ತದೆ. ಪುಟ್ಟ ತಮ್ಮನ ಸಾವಿಗೆ ತಾನೇ ಕಾರಣಳೆಂದೂ, ಅಪ್ಪನಿಗೆ ತನ್ನ ಮೇಲೆ ಪ್ರೀತಿಯಿಲ್ಲವೆಂದೂ ಕಿವಿ ಕೇಳದ ಹಿರಿಯ ಮಗಳು ಕೊರಗುತ್ತಾಳೆ. ಕೊನೆಯಲ್ಲಿ ಅಪ್ಪ ತನ್ನ ಪ್ರೀತಿಯನ್ನು ದೂರದಿಂದಲೇ ಕೈಸನ್ನೆಯಲ್ಲಿ ತಿಳಿಸಿ, ಮಕ್ಕಳನ್ನು ಉಳಿಸಲು ಗಟ್ಟಿಯಾಗಿ ಕೂಗಿ ಮೃತ್ಯುವನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ.

“ಅಪ್ಪಾ, ಇದನ್ನು ಅವನು ಮೊದಲೇ ಹೇಳಬಹುದಿತ್ತಲ್ಲವೇ?” ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಿ.ಯು.ಸಿ.ಯಲ್ಲಿ ಅವಳು ಅನುತ್ತೀರ್ಣಳಾದ ವರ್ಷ ನಾನು ತಿಂಗಳುಗಟ್ಟಲೆ ಅವಳೊಡನೆ ಮಾತು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಯಾವ ಕ್ರೂರಜೀವಿಯೂ ಇರಲಿಲ್ಲ. ಆದರೂ ಎಲ್ಲರೂ ಸದ್ದಿಲ್ಲದೆ ನಡೆಯುತ್ತಿದ್ದರು.

ಆ ರಾತ್ರಿ ಅವಳಲ್ಲಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ನನ್ನ ಕೈ ಹಿಡಿದುಕೊಂಡಳು.

ಮಕ್ಕಳು ನೋಡುವ ಚಿತ್ರಗಳನ್ನು ಕಂಡು ಗದರುವ ಮುನ್ನ, ಒಮ್ಮೆ ಅವರ ಪಕ್ಕದಲ್ಲಿ ಕುಳಿತು ನೋಡಿ. ನೀವು ಹೇಳದೆ ಉಳಿಸಿಕೊಂಡ ಮಾತೊಂದು ಅಲ್ಲಿ ನಿಮಗೂ ನೆನಪಾದೀತು.